ಇನ್ನೂರ ಹದಿನೆಂಟನೇ ಫೈಲು

ಪತ್ತೆದಾರ ಎಂದ ಕೂಡಲೇ ಕೋಟು, ಟೋಪಿ, ಭೂತಗನ್ನಡಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಈ ಪತ್ತೆದಾರನ ಬಳಿ ಇದ್ದದ್ದು ಒಂದು ಕಂಪ್ಯೂಟರು, ಕಿವಿಗೆ ಸಿಕ್ಕಿಸುವ ಹೆಡ್‌ಫೋನು ಮತ್ತು ಕೂತರೆ ಎಡಕ್ಕೆ ವಾಲುವ ಒಂದು ಕುರ್ಚಿ. ಆಫೀಸು ಇದ್ದದ್ದು ಹಾಸಿಗೆ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿ. ಕೆಳಗೆ ಜನ ಒಳ್ಳೆಯ ನಿದ್ದೆ ಬರಲಿ ಎಂದು ಹಾಸಿಗೆ ಕೊಳ್ಳುತ್ತಿದ್ದರು; ಮೇಲೆ ಕೂತು ಇವನು ಜನರ ನಿದ್ದೆ ಕೆಡಿಸಿ ಸಂಬಳ ಎಣಿಸುತ್ತಿದ್ದ.

ಕೆಲಸವೇನೋ ಸರಳ. ಸರ್ಕಾರದಿಂದ ವಿದ್ಯಾಸಾಲ ಪಡೆದು, ಓದಿ, ಹೊರದೇಶದಲ್ಲಿ ನೆಲೆ ನಿಂತು, ಸಾಲದ ಮಾತೆತ್ತಿದರೆ ಜಾಣಕಿವುಡು ನಟಿಸುವವರನ್ನು ಹುಡುಕಿ ತೆಗೆಯುವುದು. ಊರಲ್ಲೇ ಇರುವವನ ಸಂಬಳಕ್ಕೆ ಸರ್ಕಾರ ನೇರವಾಗಿ ಕೈ ಹಾಕಬಹುದು. ಗಡಿ ದಾಟಿದವನ ಸಂಬಳಕ್ಕೆ ಆ ಕೈ ಎಟುಕುವುದಿಲ್ಲ. ಅದಕ್ಕೇ ಸರ್ಕಾರಗಳು ಹೊರದೇಶದ ಇಂಥ ವಸೂಲಿ ಕಂಪನಿಗಳಿಗೆ ಫೈಲುಗಳನ್ನು ಒಪ್ಪಿಸಿ, ವಸೂಲಾದದ್ದರಲ್ಲಿ ನೂರಕ್ಕೆ ಇಷ್ಟು ಎಂದು ಪಾಲು ಕೊಡುತ್ತವೆ. ಪತ್ತೆದಾರನ ಸ್ವಂತ ದೇಶದ ಸರ್ಕಾರವೂ ಹಾಗೆ ಇನ್ನೂರ ಹದಿನೇಳು ಫೈಲು ಕಳಿಸಿತ್ತು. ಆ ಮಹಡಿಯಲ್ಲಿ ಆ ಭಾಷೆ ಬರುತ್ತಿದ್ದವನು ಇವನೊಬ್ಬನೇ ಆದ್ದರಿಂದ ಅಷ್ಟೂ ಇವನ ತಲೆಗೇ ಕಟ್ಟಲ್ಪಟ್ಟವು.

ಕೆಲಸದಲ್ಲಿ ಅವನು ಗಟ್ಟಿಗ, ಅದನ್ನು ಒಪ್ಪಲೇಬೇಕು. ಹಲ್ಲಿನ ಡಾಕ್ಟರೊಬ್ಬನನ್ನು ಅವನು ಹೊಸ ಕಾರಿನ ಪಕ್ಕ ನಿಂತು ಹಲ್ಲು ಕಿರಿದ ಒಂದೇ ಒಂದು ಫೋಟೋದಿಂದ ಹಿಡಿದಿದ್ದ. ತಾನು ತಾನಲ್ಲ, ತನ್ನ ಅವಳಿ ತಮ್ಮ ಎಂದು ಎರಡು ವರ್ಷ ವಾದಿಸಿದ ಎಂಜಿನಿಯರೊಬ್ಬನನ್ನು ಅವನ ಮಾವನ ಬಾಯಿಂದಲೇ ಹೊರಗೆಳೆದಿದ್ದ. ಪರದೇಶದಲ್ಲಿ ಫೋನೆತ್ತಿದಾಗ ತಾಯ್ನುಡಿ ಕೇಳಿದರೆ ಎಂಥವರೂ ಒಂದು ಕ್ಷಣ ಮೆತ್ತಗಾಗುತ್ತಾರೆ. ಆ ಒಂದು ಕ್ಷಣದಲ್ಲೇ ಅವನು ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ಮಕ್ಕಳ ಓದು ವಿಚಾರಿಸಿ, ಮೂರನೆಯದಾಗಿ ಬಾಕಿ ಎಷ್ಟೆಂದು ಹೇಳುತ್ತಿದ್ದ. ಮನೆಯವನಂತೆ ಒಳಗೆ ಬಂದು ಕತ್ತಿನ ಪಟ್ಟಿ ಹಿಡಿಯುವ ಈ ಕಲೆಯನ್ನು ಕಂಪನಿ ತುಂಬ ಮೆಚ್ಚಿಕೊಂಡಿತ್ತು. ಅವನೂ ಮೆಚ್ಚಿಕೊಂಡಿದ್ದ. ಮೆಚ್ಚಿಕೊಂಡ ದಿನ ಮನೆಗೆ ಹೋಗಿ ಕನ್ನಡಿ ನೋಡುತ್ತಿರಲಿಲ್ಲ, ಅಷ್ಟೇ.

ಯಾಕೆಂದರೆ ಅವನೂ ಸಾಲಗಾರನೇ. ಹದಿನೇಳು ವರ್ಷದ ಹಿಂದೆ ಅದೇ ಸರ್ಕಾರದಿಂದ ಅದೇ ಸಾಲ ಪಡೆದು ಭೂಗರ್ಭಶಾಸ್ತ್ರ ಓದಲು ಬಂದವನು. ಓದಿದ ಮೇಲೆ ಊರಿಗೆ ಮರಳಿ ಸೇವೆ ಮಾಡಬೇಕು, ಇಲ್ಲವೇ ಹಣ ಕಟ್ಟಬೇಕು ಎಂಬುದು ಷರತ್ತು. ಇವನು ಎರಡನ್ನೂ ಮಾಡಲಿಲ್ಲ. ಕೆಲಸ ಕೊಟ್ಟ ಗಣಿ ಕಂಪನಿ ಏಳೇ ತಿಂಗಳಿಗೆ ಬಾಗಿಲು ಹಾಕಿತು. ಆಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿದ, ಹೋಟೆಲಿನಲ್ಲಿ ತಟ್ಟೆ ತೊಳೆದ, ಭೂಮಿಯ ಒಳಗಿನದ್ದೆಲ್ಲ ಓದಿದವನು ಭೂಮಿಯ ಮೇಲೆ ಎಲ್ಲೂ ನಿಲ್ಲಲಾಗದೆ ಕೊನೆಗೆ ಈ ಕುರ್ಚಿಗೆ ಬಂದು ವಾಲಿಕೊಂಡ. ಊರಲ್ಲಿದ್ದ ಅಕ್ಕನಿಗೆ ಮಾತ್ರ ಪ್ರತಿ ಭಾನುವಾರ ಫೋನಿನಲ್ಲಿ, "ಗಣಿ ಕಂಪನಿಲಿ ಈಗ ಬಡ್ತಿ ಆಗಿದೆ ಅಕ್ಕ, ಅದಕ್ಕೇ ರಜೆ ಸಿಗಲ್ಲ" ಎನ್ನುತ್ತಿದ್ದ. ಹೀಗೆ ಅವನಿಗೆ ಮುಚ್ಚಿಹೋದ ಕಂಪನಿಯಲ್ಲಿ ಆರು ಸಲ ಬಡ್ತಿ ಸಿಕ್ಕಿತ್ತು.

ರಜೆಯ ಮಾತು ಸುಳ್ಳು. ನಿಜವಾದ ಕಾರಣ ಹೆದರಿಕೆ. ಮೂರು ಕಂತು ತಪ್ಪಿದವನ ಹೆಸರು ಗಡಿಯ ಪಟ್ಟಿಗೆ ಹೋಗುತ್ತದೆ; ಊರಿನ ವಿಮಾನ ನಿಲ್ದಾಣದಲ್ಲಿ ಇಳಿದು ಪಾಸ್‌ಪೋರ್ಟ್ ಚಾಚಿದ ಕೂಡಲೇ ಹಿಡಿಯುತ್ತಾರೆ. ಒಂದೂ ಕಂತು ಕಟ್ಟದ ಇವನು ತನ್ನ ಹೆಸರು ಆ ಪಟ್ಟಿಯ ನೆತ್ತಿಯ ಮೇಲೇ ಇದೆ ಎಂದು ನಂಬಿದ್ದ. ಮೂರು ಸಲ ಮನೆ ಬದಲಾಯಿಸಿದ್ದರಿಂದ ಒಂದೂ ನೋಟೀಸು ಕೈಗೆ ಬರಲಿಲ್ಲ, ಸರ್ಕಾರದ ಕಣ್ಣಿಗೆ ಮಣ್ಣೆರಚಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಈ ಕಂಪನಿ ಸೇರುವಾಗ 'ನಿಮಗೆ ಸರ್ಕಾರಿ ಸಾಲದ ಕಂತು ಬಾಕಿ ಇದೆಯೇ' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆದ. ಅವರು ಪರಿಶೀಲಿಸಿ, ಸರಿ, ಇಲ್ಲ ಎಂದರು. ಎಂಥ ದಡ್ಡ ಕಂಪನಿ ಎಂದು ಒಳಗೊಳಗೇ ನಕ್ಕ.

ಖಾತೆ ನೋಡುವುದು ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಹೆಸರು ಒತ್ತಿದರೆ ಬಾಕಿ, ಕಂತು, ಪಟ್ಟಿ ಎಲ್ಲ ಪರದೆಯ ಮೇಲೆ. ಆದರೆ ಯಾರು ಯಾರ ಹೆಸರು ಹುಡುಕಿದರು ಎಂಬುದೆಲ್ಲ ದಾಖಲಾಗುತ್ತಿತ್ತು. ಸ್ವಂತ ಹೆಸರು ಹುಡುಕಿದ ನೌಕರನನ್ನು ಅದೇ ದಿನ ಮೇಲ್ವಿಚಾರಕಿಯ ಕೋಣೆಗೆ ಕರೆಯುತ್ತಿದ್ದರು. ಹಾಗಾಗಿ ಆರು ವರ್ಷ, ದಿನಕ್ಕೆ ಎಂಟು ತಾಸು, ಉತ್ತರದಿಂದ ಒಂದು ಗೇಣು ದೂರದಲ್ಲಿ ಬೆರಳಿಟ್ಟುಕೊಂಡು ಕೂತಿದ್ದರೂ ಪತ್ತೆದಾರ ಆ ಒಂದು ಹೆಸರನ್ನು ಒತ್ತಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಆ ಹೆಸರು ತಾನಾಗಿಯೇ ಬಂತು. ಪರದೆಯಲ್ಲಿ ಹೊಸದೊಂದು ಫೈಲು, ಇನ್ನೂರ ಹದಿನೆಂಟನೆಯದು. ತೆರೆದರೆ ಇವನದೇ ಹೆಸರು, ಇವನದೇ ಹುಟ್ಟಿದ ತಾರೀಖು, ಇಪ್ಪತ್ತೆರಡರ ವಯಸ್ಸಿನ ಇವನದೇ ಫೋಟೋ, ತಲೆತುಂಬ ಕೂದಲು. ಯಾರಾದರೂ ನೋಡಿದರೇ ಎಂದು ಹೆದರಿ ಹಿಂದೆ ತಿರುಗಿದ. ನಾಚಿಕೆಯ ಸಂಗತಿಯೆಂದರೆ, ಹೆದರಿಕೆಯ ಹಿಂದೆಯೇ ಒಂದು ಬಗೆಯ ಸಮಾಧಾನವೂ ಆಯಿತು. ಇಷ್ಟು ವರ್ಷ ಕಟ್ಟದವನನ್ನು ಸರ್ಕಾರ ಮರೆತೇಬಿಟ್ಟಿತೇ ಎಂದು ಅವನಿಗೆ ಆಗಾಗ ಅವಮಾನವೂ ಆಗುತ್ತಿತ್ತು.

ಕೆಳಗೆ ಹೋದಂತೆ ಸಮಾಧಾನ ಇಳಿಯಿತು. ಪಾವತಿಯ ಕಾಲಮ್ಮು ಖಾಲಿ ಇರಬೇಕಿತ್ತು. ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಮೊದಲ ಕಂತು. ಅದರ ಮುಂದಿನ ತಿಂಗಳು ಎರಡನೆಯದು. ಪ್ರತಿ ತಿಂಗಳ ಐದನೇ ತಾರೀಖು, ಒಮ್ಮೊಮ್ಮೆ ನಾಲ್ಕು. ಎಲ್ಲವೂ ನಗದು, ಎಲ್ಲವೂ ಜಿಲ್ಲಾ ಕಚೇರಿಯ ಕೌಂಟರಿನಲ್ಲಿ. ಪ್ರತಿಯೊಂದರ ಮುಂದೆ ಒಂದೇ ಮಾತು: 'ಜಾಮೀನುದಾರರಿಂದ'. ಎಣಿಸಿದ. ನೂರ ಇಪ್ಪತ್ತೊಂಬತ್ತು. ತಪ್ಪಿರಬಹುದು ಎಂದು ಮತ್ತೆ ಎಣಿಸಿದ. ನೂರ ಇಪ್ಪತ್ತೊಂಬತ್ತೇ.

ಜಾಮೀನು ಹಾಕಿದ್ದು ಅಕ್ಕ. ಅವಳು ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಒಂದು ನಿಲುವುಗನ್ನಡಿ ಹಿಡಿಸುವಷ್ಟು ಅಂಗಡಿ. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದ್ದು ಅದೇ ಅಂಗಡಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಅಳತೆಗೆ ಸರಿಯಾದವನು ಸಿಗ್ಲಿಲ್ಲ" ಎಂದು ಹೇಳಿ ನಗುತ್ತಿದ್ದಳು. ಇವನು ಮನೆ ಬದಲಿಸಿ ಬದಲಿಸಿ ತಪ್ಪಿಸಿಕೊಂಡೆ ಎಂದುಕೊಂಡ ನೋಟೀಸುಗಳೆಲ್ಲ ಅವಳ ವಿಳಾಸಕ್ಕೆ ಹೋಗಿದ್ದವು. ಸರ್ಕಾರದ ಕಣ್ಣಿಗೆ ಯಾರೂ ಮಣ್ಣೆರಚಿರಲಿಲ್ಲ. ಅಕ್ಕ ಪ್ರತಿ ತಿಂಗಳು ಬಸ್ಸು ಹತ್ತಿ ಹೋಗಿ ಹಣ ಎಣಿಸಿ ಬರುತ್ತಿದ್ದಳು. ಹನ್ನೊಂದು ವರ್ಷ ಅವನು ಹೊತ್ತು ತಿರುಗಿದ ಕಳ್ಳನ ಭಯ ಪೂರ್ತಿ ದಂಡ.

ಕೊನೆಯ ಮೂರು ತಿಂಗಳು ಮಾತ್ರ ಖಾಲಿ. ಅದಕ್ಕೇ ಫೈಲು ಇಲ್ಲಿಗೆ ಬಂದಿತ್ತು. ಕೆಳಗೆ ಸೂಚನೆ: ಇಪ್ಪತ್ತನಾಲ್ಕು ತಾಸಿನೊಳಗೆ ಜಾಮೀನುದಾರರಿಗೆ ಕರೆ ಮಾಡಬೇಕು. ಸಾಲಗಾರ ಪತ್ತೆಯಾಗದಿದ್ದರೆ ತಿಂಗಳ ಕೊನೆಗೆ ಜಾಮೀನುದಾರರ ಅಂಗಡಿಯ ಸಾಮಾನು ಜಪ್ತಿ. ಶುಕ್ರವಾರ ಸಾಲಗಾರನ ಹೆಸರು ಗಡಿಯ ಪಟ್ಟಿಗೆ.

ಸಂಬಂಧಿಕರ ಫೈಲನ್ನು ಪಕ್ಕದವರಿಗೆ ದಾಟಿಸಬೇಕು ಎಂಬ ನಿಯಮವೂ ಇತ್ತು. ಪಕ್ಕದ ಕುರ್ಚಿಯವನ ಅಡ್ಡಹೆಸರು ಗರಗಸ. ದುಭಾಷಿಯನ್ನು ನಡುವೆ ಇಟ್ಟುಕೊಂಡು ಮಾತಾಡಿಯೂ ಹೋದ ತಿಂಗಳು ಒಬ್ಬ ಮುದುಕನನ್ನು ಅಳಿಸಿ, ಅದೇ ಹುಮ್ಮಸ್ಸಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದವನು. ಪತ್ತೆದಾರ ಗರಗಸನ ಮುಖ ನೋಡಿದ. ಆಮೇಲೆ ಹೆಡ್‌ಫೋನು ಸಿಕ್ಕಿಸಿಕೊಂಡು ತಾನೇ ನಂಬರು ಒತ್ತಿದ. ಬಾಯಿಪಾಠವಾಗಿದ್ದ ನಂಬರನ್ನು ಫೈಲು ನೋಡಿ ಒತ್ತಿದ.

ಅಷ್ಟರಲ್ಲಿ ಮೇಲ್ವಿಚಾರಕಿ ಅಂಕಪಟ್ಟಿ ಹಿಡಿದು ಬೆನ್ನ ಹಿಂದೆ ಬಂದು ನಿಂತಳು. ಅವಳಿಗೆ ಭಾಷೆ ಬರುತ್ತಿರಲಿಲ್ಲ. ಆದರೆ ಧ್ವನಿಯಲ್ಲಿ ಎಷ್ಟು ಗಟ್ಟಿತನವಿದೆ, ಎಷ್ಟು ವಿನಯವಿದೆ ಎಂದು ಕೇಳಿಯೇ ಅಂಕ ಹಾಕುತ್ತಿದ್ದಳು. ತಪ್ಪಿಸಿಕೊಳ್ಳುವಂತಿಲ್ಲ. ಪತ್ತೆದಾರನಿಗೆ ಹೊಳೆದದ್ದು ಒಂದೇ ಉಪಾಯ. ಇಷ್ಟು ವರ್ಷದ ವೃತ್ತಿಯ ಅನುಭವವೆಲ್ಲ ಸೇರಿ ಹೊಳೆದ ಉಪಾಯ. ಎರಡು ಬೆರಳಿನಿಂದ ಮೂಗು ಹಿಡಿದುಕೊಂಡ.

"ನಮಸ್ಕಾರ. ವಿದ್ಯಾಸಾಲ ವಸೂಲಾತಿ ವಿಭಾಗ. ನಾನು ಏಳನೇ ನಂಬರಿನ ಅಧಿಕಾರಿ ಮಾತಾಡ್ತಿರೋದು. ಈ ಮಾತುಕತೆ ರೆಕಾರ್ಡ್ ಆಗ್ತಿದೆ."

ಆ ಕಡೆ ಸದಾ ಕೇಳಿಸುವ ಹೊಲಿಗೆ ಯಂತ್ರದ ಗಡಗಡ ಇರಲಿಲ್ಲ.

"ರೆಕಾರ್ಡ್ ಆಗ್ತಿದ್ಯಾ?" ಎಂದಳು ಅಕ್ಕ.

"ಹೌದು."

"ಸರಿ ಹಾಗಾದ್ರೆ. ಹೇಳಿ ಆಫೀಸರ್ರೇ."

"ತಾವು ಸಾಲಗಾರರ ಅಕ್ಕ ಅಲ್ವಾ?"

"ಏನ್ ಮಾಡೋದು, ಹೌದು."

"ಮೂರು ತಿಂಗಳಿಂದ ಕಂತು ಬಂದಿಲ್ಲ. ಕಾರಣ ತಿಳಿಸಬಹುದಾ?"

"ಕಣ್ಣು. ಎರಡರಲ್ಲೂ ಪೊರೆ ಬಂದಿದೆ. ಸೂಜಿಗೆ ದಾರ ಪೋಣಿಸೋಕೆ ಬಂದ ಗಿರಾಕಿಗಳನ್ನೇ ಕೇಳ್ತಿದ್ದೆ. ಹೋದ್ಸಲ ಒಬ್ಬರ ಅಂಗಿಗೆ ತೋಳು ಹಿಂದುಮುಂದಾಗಿ ಹೊಲಿದ್ಬಿಟ್ಟೆ. ಪಾಪ, ಕೈಯೆತ್ತಿದವರು ಇಳಿಸೋಕಾಗದೆ ಹಾಗೇ ನಿಂತಿದ್ರು. ಆವತ್ತೇ ಯಂತ್ರಕ್ಕೆ ಬಟ್ಟೆ ಹೊದಿಸ್ದೆ. ಈ ಮೂರು ಕಂತಿನ ದುಡ್ಡು ಬಲಗಣ್ಣಿನ ಆಪರೇಷನ್‌ಗೆ ಇಟ್ಕೊಂಡಿದೀನಿ, ಮುಂದಿನ ವಾರ. ಎಡಗಣ್ಣು ಕಾಯುತ್ತೆ. ಸರ್ಕಾರಾನೂ ಸ್ವಲ್ಪ ಕಾಯ್ಲಿ."

ಅವಳು ಭಾನುವಾರಗಳಲ್ಲಿ ಇದರ ಒಂದು ಮಾತೂ ಆಡಿರಲಿಲ್ಲ. ಇವನು ಬಡ್ತಿಯ ಕಥೆ ಹೇಳುತ್ತಿದ್ದ. ಅವಳು ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನಲು ಬೇರೆ ಸಾಕ್ಷಿ ಬೇಡ.

ಮುಂದಿನ ಪ್ರಶ್ನೆ ಪರದೆಯ ಮೇಲೆ ಮಿನುಗುತ್ತಿತ್ತು, ಓದಲೇಬೇಕು. "ಸಾಲಗಾರರು ಈಗ ಎಲ್ಲಿ ಕೆಲಸ ಮಾಡ್ತಾರೆ, ತಮಗೆ ಗೊತ್ತಾ?"

"ಗಣಿ ಕಂಪನಿಲಿ ದೊಡ್ಡ ಹುದ್ದೆ ಅಂತ ಹೇಳ್ತಾನೆ. ನಾನೂ ನಂಬಿದೀನಿ ಅಂತ ಹೇಳ್ತೀನಿ."

ಪತ್ತೆದಾರ ಉಗುಳು ನುಂಗಿದ. ಮೂಗು ಹಿಡಿದು ಉಗುಳು ನುಂಗುವುದು ಕಷ್ಟ. ಆಮೇಲೆ ಪರದೆಯ ಮೇಲಿಲ್ಲದ ಪ್ರಶ್ನೆಯೊಂದನ್ನು ಕೇಳಿದ.

"ಹನ್ನೊಂದು ವರ್ಷದಿಂದ ನೀವೇ ಕಟ್ತಾ ಇದ್ದೀರಿ. ಅವರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ಒಂದೋ ಕಟ್ತಿದ್ದ, ಇಲ್ಲಾ ಕಟ್ತೀನಿ ಅಂತ ಸುಳ್ಳು ಹೇಳ್ತಿದ್ದ. ಆ ಸುಳ್ಳು ತಡ್ಕೊಳ್ಳೋಕಿಂತ ಕಂತು ಕಟ್ಟೋದೇ ಸುಲಭ ಅನ್ನಿಸ್ತು." ಸ್ವಲ್ಪ ನಿಲ್ಲಿಸಿ ಮುಂದುವರಿಸಿದಳು. "ಮೊದಲನೇ ನೋಟೀಸಲ್ಲೇ ಬರೆದಿತ್ತು ಆಫೀಸರ್ರೇ, ಕಟ್ಟದಿದ್ರೆ ಏರ್‌ಪೋರ್ಟಲ್ಲಿ ಹಿಡೀತೀವಿ ಅಂತ. ಅವನು ಮನೆಗೆ ಬರೋವಾಗ ಯಾರೂ ಅಡ್ಡ ಹಾಕ್ಬಾರ್ದು, ಅಷ್ಟೇ ನನಗಿದ್ದಿದ್ದು. ಅವನಿಗೇ ಬರೋಕೆ ಮನಸ್ಸಾಗ್ಲಿಲ್ಲ, ಅದು ಬೇರೆ ಮಾತು. ಅಮ್ಮ ಹೋದಾಗ್ಲೂ ವಿಮಾನದಲ್ಲಿ ಸೀಟು ಸಿಗ್ಲಿಲ್ವಂತೆ. ಅಷ್ಟು ದೊಡ್ಡ ವಿಮಾನ."

ಐದು ವರ್ಷದ ಹಿಂದೆ ಅಮ್ಮ ತೀರಿಕೊಂಡ ದಿನ ಸೀಟು ಸಿಕ್ಕಿತ್ತು. ಟಿಕೆಟ್ ಜೇಬಿನಲ್ಲಿತ್ತು. ಅವನು ನಿಲ್ದಾಣಕ್ಕೆ ಹೋಗಿ, ಬಾಗಿಲಿನ ಎದುರಿನ ಬೆಂಚಿನ ಮೇಲೆ ಕೂತು, ಇಳಿದ ಕೂಡಲೇ ಕೈಗೆ ಬೇಡಿ ಹಾಕುವುದನ್ನು ನೆನೆದು, ಎಲ್ಲರೂ ಹತ್ತುವುದನ್ನು ನೋಡುತ್ತ ಕೂತೇ ಇದ್ದು ಮನೆಗೆ ವಾಪಸು ಬಂದಿದ್ದ. ಆ ತಿಂಗಳ ಕಂತು ನಾಲ್ಕನೇ ತಾರೀಖೇ ಜಮೆಯಾಗಿತ್ತು. ಇವನು ಇಳಿದಿದ್ದರೆ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಅಕ್ಕ ಹಣ ಕಟ್ಟಿ ದಾರಿ ತೆರೆದಿಟ್ಟಿದ್ದಳು. ಇವನು ಆ ದಾರಿ ಮುಚ್ಚಿದೆ ಎಂದುಕೊಂಡು ಹನ್ನೊಂದು ವರ್ಷ ಹೊಸ್ತಿಲಲ್ಲೇ ನಿಂತಿದ್ದ. ಹೋಗಲಿ, ಒಂದು ಸಲ ಬಾಯಿ ಬಿಟ್ಟು ಕೇಳಬಾರದಿತ್ತೇ? ಕೇಳಲಿಲ್ಲ. ಊರವರ ಗುಟ್ಟನ್ನೆಲ್ಲ ಕೇಳಿ ತಿಳಿಯುವುದೇ ಅವನ ಹೊಟ್ಟೆಪಾಡು.

"ಮನಸ್ಸಿತ್ತು," ಎಂದ. "ಅವನಿಗೆ ಮನಸ್ಸಿತ್ತು. ಹಿಡೀತಾರೆ ಅಂತ ಹೆದರ್ಕೊಂಡಿದ್ದ. ನೀವು ಕಟ್ತಿರೋದು ಅವನಿಗೆ ಗೊತ್ತಿರ್ಲಿಲ್ಲ."

ಮೇಲ್ವಿಚಾರಕಿ ತೃಪ್ತಿಯಿಂದ ಏನೋ ಬರೆದುಕೊಂಡಳು.

"ಅಯ್ಯೋ ಬೆಪ್ಪೇ," ಎಂದಳು ಅಕ್ಕ ಮೆಲ್ಲಗೆ. "ಮೂಗಿಂದ ಕೈ ತೆಗಿಯೋ ಗುಂಡ. ಅಳ್ಬೇಡ. ರೆಕಾರ್ಡ್ ಆಗ್ತಿದೆ."

ಕರೆಗೆ ಹತ್ತಕ್ಕೆ ಎಂಟು ಅಂಕ ಬಿತ್ತು. ಧ್ವನಿಯಲ್ಲಿ ಭಾವುಕತೆ ಹೆಚ್ಚಾಯಿತೆಂದು ಎರಡು ಕಳೆದಿದ್ದರು.

ಆವತ್ತು ಮಧ್ಯಾಹ್ನ ಅವನು ಫೈಲು ತುಂಬಿಸಿದ. 'ಸಾಲಗಾರ ಪತ್ತೆಯಾದನೇ?' ಎಂಬಲ್ಲಿ ಹೌದು ಎಂದು ಬರೆದ. ಹಾಗೆ ಬರೆದರೆ ಜಪ್ತಿ ನಿಲ್ಲುತ್ತದೆ, ಸರ್ಕಾರ ಜಾಮೀನುದಾರರನ್ನು ಬಿಟ್ಟು ಸಾಲಗಾರನ ಬೆನ್ನು ಹತ್ತುತ್ತದೆ. ಆ ನಿಯಮ ಅವನಿಗೆ ಬಾಯಿಪಾಠ. ಮನೆಯ ವಿಳಾಸ ಬರೆದ. ಕೆಲಸದ ಸ್ಥಳ ಎಂಬಲ್ಲಿ ಇದೇ ಕಂಪನಿಯ ಹೆಸರು ಬರೆದ. ಪತ್ತೆ ಮಾಡಿದ ವಿಧಾನ ಎಂಬಲ್ಲಿ ಸ್ವಲ್ಪ ಯೋಚಿಸಿ, 'ಕುರ್ಚಿಯಲ್ಲಿ ಕೂತಿದ್ದ' ಎಂದು ಬರೆದ.

ಮೇಲ್ವಿಚಾರಕಿ ಅದನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಇವನನ್ನು ನೋಡಿದಳು, ಹಾಕಿಕೊಂಡು ಮತ್ತೆ ಫೈಲು ನೋಡಿದಳು.

"ಅರ್ಧ ದಿನದಲ್ಲಿ ಪತ್ತೆ. ನಿಮ್ಮ ಆರು ವರ್ಷದಲ್ಲಿ ಇಷ್ಟು ಬೇಗ ಯಾರೂ ಸಿಕ್ಕಿರ್ಲಿಲ್ಲ," ಎಂದಳು.

"ಹೌದು ಮೇಡಂ. ಓಡಿಹೋಗೋಕೆ ಪ್ರಯತ್ನಾನೂ ಮಾಡ್ಲಿಲ್ಲ."

"ಕೆಲಸ ಹೋಗುತ್ತೆ, ಗೊತ್ತಲ್ವಾ?"

"ಗೊತ್ತು."

"ಶುಕ್ರವಾರ ಸಂಜೆವರೆಗೂ ಇರಿ. ಈ ವಾರದ ಪಟ್ಟಿ ಏರಿಸೋಕೆ ಆ ಭಾಷೆ ಓದೋರು ಬೇರೆ ಯಾರೂ ಇಲ್ಲ."

ಶುಕ್ರವಾರ ಸಂಜೆ ನಾಲ್ಕಕ್ಕೆ ಅವನು ಗಡಿಯ ಪಟ್ಟಿ ಏರಿಸಿದ. ಆ ವಾರ ಹದಿಮೂರು ಹೆಸರು, ಹದಿಮೂರನೆಯದು ತನ್ನದು. ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಪರೀಕ್ಷಿಸಿ ಗುಂಡಿ ಒತ್ತಿದ. ಹನ್ನೊಂದು ವರ್ಷ ತನ್ನ ಹೆಸರೇ ಇಲ್ಲದ ಪಟ್ಟಿಗೆ ಹೆದರಿ ಊರಿಗೆ ಹೋಗದವನು, ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಹೋಗಿ ಟಿಕೆಟ್ ಕೊಂಡ. ಕೂಡಿಟ್ಟ ಹಣದಲ್ಲಿ ತಪ್ಪಿದ ಮೂರು ಕಂತು ಕಟ್ಟಬಹುದಿತ್ತು. ಇಲ್ಲವೇ ಟಿಕೆಟ್ಟಿಗೂ ಅಕ್ಕನ ಎಡಗಣ್ಣಿಗೂ ಆಗುತ್ತಿತ್ತು. ಎರಡಕ್ಕೂ ಸಾಲುತ್ತಿರಲಿಲ್ಲ. ಅವನ ಬಾಳಿನಲ್ಲಿ ಒಂದು ಲೆಕ್ಕವಾದರೂ ಯೋಚಿಸದೆ ತೀರ್ಮಾನವಾದದ್ದು ಅದೇ ಮೊದಲು.

"ನಿಲ್ದಾಣಕ್ಕೆ ಬರ್ಬೇಡ ಅಕ್ಕ, ಕಣ್ಣಿಗೆ ಧೂಳು ತಾಕುತ್ತೆ," ಎಂದು ಫೋನಿನಲ್ಲಿ ಹೇಳಿದ. "ನಾನ್ಯಾಕೆ ಬರ್ಲಿ, ನನಗೇನು ಕೆಲಸ ಇಲ್ವಾ," ಎಂದಳು ಅವಳು.

ಮುಂದಿನ ವಾರ, ಅಕ್ಕನ ಆಪರೇಷನ್ ಆದ ಎರಡನೇ ದಿನ, ವಿಮಾನ ಬೆಳಿಗ್ಗೆ ಹತ್ತಕ್ಕೆ ಇಳಿಯಿತು. ಗಾಜಿನ ಗೂಡಿನೊಳಗಿದ್ದ ಹೆಣ್ಣುಮಗಳು ಪಾಸ್‌ಪೋರ್ಟ್ ತೆಗೆದುಕೊಂಡು ಯಂತ್ರಕ್ಕೆ ತೋರಿಸಿದಳು. ಪರದೆ ನೋಡಿದಳು, ಇವನನ್ನು ನೋಡಿದಳು, ಫೋನೆತ್ತಿದಳು. ಇವನು ಬ್ಯಾಗು ಎತ್ತಿಕೊಂಡು ಅವಳು ಹೇಳುವ ಮೊದಲೇ ಬಲಗಡೆಯ ಬಾಗಿಲಿನತ್ತ ಹೆಜ್ಜೆ ಹಾಕಿದ.

ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಗೋಡೆಯಲ್ಲಿ ನಿಂತ ಗಡಿಯಾರ. ದಪ್ಪ ಮೀಸೆಯ ಅಧಿಕಾರಿ ಕಾಗದದ ಕಟ್ಟಿನಲ್ಲಿ ಏನನ್ನೋ ತಡಕಾಡುತ್ತಿದ್ದರು.

"ನಿಮ್ಮ ಹೆಸರಲ್ಲಿ ಸರ್ಕಾರಿ ಬಾಕಿ ಇದೆ, ಗೊತ್ತಾ?"

"ಗೊತ್ತು ಸಾರ್. ನೀವು ಹುಡುಕ್ತಿರೋ ಫಾರಂ ನೀಲಿ ಕಟ್ಟಲ್ಲಿರುತ್ತೆ. ಎರಡನೇ ಪುಟದಿಂದ ತುಂಬ್ಬೇಕು, ಮೊದಲನೇ ಪುಟ ನಮಗಲ್ಲ."

ಅಧಿಕಾರಿ ನೀಲಿ ಕಟ್ಟು ತೆಗೆದರು. ಅಲ್ಲೇ ಇತ್ತು. "ನಿಮಗೆ ಹೇಗ್ರೀ ಗೊತ್ತು?"

"ಈ ಹೆಸರು ನಿಮ್ಮ ಕಂಪ್ಯೂಟರಿಗೆ ಕಳಿಸಿದ್ದು ನಾನೇ."

ಅಧಿಕಾರಿ ಹುಬ್ಬೇರಿಸಿದರು. ಇಪ್ಪತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತವರು ಅಳುವುದನ್ನು, ಕೂಗಾಡುವುದನ್ನು, ಮಂತ್ರಿಗಳು ತಮಗೆ ಮಾವನಾಗಬೇಕು ಎನ್ನುವುದನ್ನು ಕಂಡಿದ್ದರು. ಇಂಥದ್ದನ್ನು ಕಂಡಿರಲಿಲ್ಲ. ಮೂರು ದಾರಿಗಳಿವೆ ಎಂದು ಅವರು ವಿವರಿಸಿದರು. ಪೂರ್ತಿ ಬಾಕಿ ಈಗಲೇ ಕಟ್ಟಬಹುದು. ಇಲ್ಲವೇ ದೇಶದೊಳಗಿರುವ ಒಬ್ಬರ ಜಾಮೀನಿನ ಮೇಲೆ ಹೊಸ ಕಂತಿನ ಒಪ್ಪಂದಕ್ಕೆ ಸಹಿ ಹಾಕಿ ಮನೆಗೆ ಹೋಗಬಹುದು. ಎರಡೂ ಆಗದಿದ್ದರೆ ಇಲ್ಲೇ ಇದ್ದು ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಬೇಕು.

"ಅಷ್ಟು ದುಡ್ಡಿಲ್ಲ," ಎಂದ ಪತ್ತೆದಾರ.

"ಹಾಗಾದ್ರೆ ಜಾಮೀನು. ಹಳೇ ಜಾಮೀನುದಾರರು ಅಕ್ಕ ಅಂತಿದೆ. ನಂಬರ್ ಕೊಡಿ, ಕರೆಸೋಣ."

"ಜಾಮೀನು ಯಾರೂ ಇಲ್ಲ ಸಾರ್."

"ಇಲ್ಲಿ ಬರೆದಿದೆಯಲ್ರೀ."

"ಅದು ಹಳೇದು. ಈಗ ಇಲ್ಲ." ಅವನು ಪೆನ್ನು ತೆಗೆದುಕೊಂಡು ಜಾಮೀನುದಾರರ ಕಾಲಮ್ಮಿಗೆ ಅಡ್ಡಲಾಗಿ ಒಂದು ಗೀಟು ಎಳೆದ. "ನಾಳೆ ನ್ಯಾಯಾಧೀಶರ ಹತ್ರಾನೇ ಹೋಗ್ತೀನಿ."

ಅಧಿಕಾರಿ ಭುಜ ಕುಣಿಸಿ ಹೊರಗೆ ಹೋದರು. ಪತ್ತೆದಾರ ಒಬ್ಬನೇ ಕೂತ. ಕುರ್ಚಿ ವಾಲಲಿಲ್ಲ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಎದೆಯಲ್ಲಿ ಏನೋ ಹಗುರವಾಗಿತ್ತು. ಹುಟ್ಟಿದಂದಿನಿಂದ ಅಕ್ಕನ ಹೆಗಲ ಮೇಲೆ ಸವಾರಿ ಮಾಡಿದವನು ಇವತ್ತು ತಾನಾಗಿ ಇಳಿದಿದ್ದ. ಒಂದು ರಾತ್ರಿ ಬೆಂಚಿನ ಮೇಲೆ ಮಲಗಿದರೆ ಏನಾಯಿತು? ನ್ಯಾಯಾಧೀಶರು ಕೇಳಿದಾಗ ಏನು ಹೇಳಬೇಕು, ಯಾವ ಮಾತಿಗೆ ತಲೆ ತಗ್ಗಿಸಬೇಕು, ಯಾವ ಮಾತಿಗೆ ಎತ್ತಬೇಕು ಎಂದೆಲ್ಲ ಯೋಚಿಸಿದ. ಜೀವಮಾನದಲ್ಲಿ ಮೊದಲ ಸಲ ತನ್ನ ಬಗ್ಗೆ ತನಗೇ ಒಂದಿಷ್ಟು ಗೌರವ ಬಂತು. ಅದು ಸರಿಯಾಗಿ ಇಪ್ಪತ್ತೈದು ನಿಮಿಷ ಬಾಳಿತು.

ಹೊರಗೆ ಗಲಾಟೆ ಕೇಳಿಸಿತು. "ನನಗೆ ನಿಯಮ ಹೇಳ್ಬೇಡಿ ಸ್ವಾಮಿ. ಹನ್ನೊಂದು ವರ್ಷ ನಿಮ್ಮ ಕೌಂಟರಿನ ಮುಂದೆ ನಿಂತವಳು ನಾನು. ಜಾಮೀನುದಾರಳನ್ನ ಕೇಳ್ದೆ ಜಾಮೀನು ಹೊಡೆದುಹಾಕೋಕೆ ಅವನ್ಯಾರು?"

ಬಾಗಿಲು ತೆರೆಯಿತು. ಅಧಿಕಾರಿ ಸೋತ ಮುಖ ಹೊತ್ತು ಪಕ್ಕಕ್ಕೆ ಸರಿದರು. ಅಕ್ಕ ಒಳಗೆ ಬಂದಳು. ಬಲಗಣ್ಣಿನ ಮೇಲೆ ಹತ್ತಿ, ಪ್ಲಾಸ್ಟರು. ಎಡಗಣ್ಣು ತೆರೆದಿತ್ತು, ಆದರೆ ಕೋಣೆಯಲ್ಲಿ ಯಾರು ಎಲ್ಲಿದ್ದಾರೆಂದು ಅದಕ್ಕೆ ಗೊತ್ತಾಗಲಿಲ್ಲ. ಅವಳು ಕೈ ಮುಂದೆ ಚಾಚಿ ಗಾಳಿಯಲ್ಲಿ ತಡಕುತ್ತ ನಡೆದಳು. ಹದಿನೇಳು ವರ್ಷದಲ್ಲಿ ಕುಳ್ಳಗಾಗಿದ್ದಳು. ಪತ್ತೆದಾರ ಎದ್ದು ನಿಂತು ಅವಳ ಕೈಗೆ ತನ್ನ ಭುಜ ಒಡ್ಡಿದ.

ಅವಳ ಬೆರಳುಗಳು ಭುಜ ಮುಟ್ಟಿದವು, ತೋಳಿನ ಹೊಲಿಗೆಯ ಮೇಲೆ ಓಡಿದವು, ಅಲ್ಲೇ ನಿಂತವು.

"ಯಾರೋ ಹೊಲಿದಿದ್ದು ಇದನ್ನ? ಭುಜ ಒಂದು ಇಂಚು ಜಾಸ್ತಿ ಬಿಟ್ಟಿದ್ದಾನೆ." ಬೆರಳುಗಳು ಮೇಲಕ್ಕೆ ಹೋಗಿ ಕೆನ್ನೆ ಸವರಿ ತಲೆ ತಲುಪಿದವು. "ಕೂದಲೆಲ್ಲಿ ಹೋಯ್ತೋ ಗುಂಡ?"

"ಅಕ್ಕ, ನೀನು ಸಹಿ ಹಾಕ್ಬೇಡ," ಎಂದ ಅವನು. "ಇದೊಂದ್ಸಲ ನಾನೇ ನೋಡ್ಕೋತೀನಿ. ಇನ್ನೂ ಐವತ್ತೊಂದು ಕಂತಿದೆ. ನನಗೆ ಕೆಲಸಾನೂ ಇಲ್ಲ. ನಿನ್ನ ತಲೆ ಮೇಲೆ ಮತ್ತೆ ಬರುತ್ತೆ."

"ಕಟ್ಟೋದು ನೀನೇ ಕಟ್ಟು. ಯಾರು ಬೇಡ ಅಂದ್ರು? ಬೆಳಿಗ್ಗೆ ಯಂತ್ರದ ಮುಂದೆ ಕೂರಿಸ್ತೀನಿ, ಗುಂಡಿ ಹಾಕೋದ್ರಿಂದ ಶುರು ಮಾಡು. ಆದ್ರೆ ಇವತ್ತು ರಾತ್ರಿ ನೀನು ಇಲ್ಲಿ ಮಲಗಲ್ಲ. ಅಮ್ಮನ್ನ ನೋಡೋಕೆ ಬರ್ಲಿಲ್ಲ, ನಾನು ಬಿಟ್ಟೆ. ಬಂದವನನ್ನ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ." ಅವಳು ಅಧಿಕಾರಿ ಇದ್ದಾರೆಂದು ತಾನು ಅಂದುಕೊಂಡ ಕಡೆಗೆ ತಿರುಗಿದಳು, ಅಲ್ಲಿ ಗೋಡೆಯಿತ್ತು. "ಎಲ್ಲಿ ಹಾಕ್ಬೇಕು ಸ್ವಾಮಿ?"

ಅಧಿಕಾರಿ ಹೊಸ ಫಾರಂ ತಂದು ಮೇಜಿನ ಮೇಲಿಟ್ಟರು. ಅಕ್ಕ ಕೂತು ಪೆನ್ನು ಹಿಡಿದಳು. ಕಾಗದಕ್ಕೆ ಮುಖ ತಂದಳು, ಹಿಂದಕ್ಕೆ ಒಯ್ದಳು, ತಲೆ ಓರೆ ಮಾಡಿದಳು. ಪೆನ್ನಿನ ತುದಿ ಬಿಳಿ ಜಾಗದಲ್ಲಿ ಅಲೆದಾಡಿತು.

"ಕಾಣ್ತಿಲ್ಲ ಕಣೋ," ಎಂದಳು. "ಗೆರೆ ಎಲ್ಲಿದೆ ತೋರಿಸು."

ಅವನು ಅಧಿಕಾರಿಯನ್ನು ನೋಡಿದ. ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಕಾಗದವನ್ನು ಎಳೆದು ಹರಿದುಹಾಕಬಹುದಿತ್ತು. ಗೆರೆಯಿಲ್ಲದ ಕಡೆ ತೋರಿಸಬಹುದಿತ್ತು; ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ಅಕ್ಕ ಪೆನ್ನು ಹಿಡಿದು ಕಾಯುತ್ತಿದ್ದಳು, ಇವನು ತೋರಿಸುತ್ತಾನೆಂಬುದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಅವನು ಅವಳ ಪಕ್ಕದಲ್ಲಿ ಬಗ್ಗಿ, ಅವಳ ಕೈ ಹಿಡಿದು, ಪೆನ್ನಿನ ತುದಿಯನ್ನು ಗೆರೆಯ ಮೇಲೆ ತಂದಿಟ್ಟ.

"ಇಲ್ಲಿ ಅಕ್ಕ," ಎಂದ.